ಸೈಟಿಗೆ ಯೂನಿಯನ್ ಬಂದಿದೆ, ಸಣ್ಣ ಗುತ್ತಿಗೆದಾರ ಏನು ಮಾಡಬೇಕು?

ಪ್ರಶ್ನೆ: ನಾನು ಬಂಟ್ವಾಳ ತಾಲ್ಲೂಕಿನ ಸಣ್ಣ ಕಟ್ಟಡ ಗುತ್ತಿಗೆದಾರ. ಮೊದಲು ಗಾರೆ ಮೇಸ್ತ್ರಿಯಾಗಿದ್ದೆ. ಈಗ ಎರಡು ಮನೆಗಳ ಕೆಲಸ ನಡೆಯುತ್ತಿದೆ. ಜತೆಗೆ ದೊಡ್ಡ ಗುತ್ತಿಗೆದಾರರೊಬ್ಬರು ಹಿಡಿದಿರುವ ಸರ್ಕಾರಿ ಶಾಲಾ ಕಟ್ಟಡದ ಗಾರೆ ಮತ್ತು ಸಂಟರಿಂಗ್ ಕೆಲಸವನ್ನು ಉಪಗುತ್ತಿಗೆಗೆ ಪಡೆದಿದ್ದೇನೆ. ನನ್ನ ಬಳಿ 16 ಜನ ಇದ್ದಾರೆ. ಆರು ಜನ ಊರಿನವರು, ಉಳಿದವರು ಬಾಗಲಕೋಟೆ ಮತ್ತು ಜಾರ್ಖಂಡ್ ಕಡೆಯವರು. ಕಬ್ಬಿಣ ಕಟ್ಟುವ ಹುಡುಗನೊಬ್ಬ ಯೂನಿಯನ್ ಸೇರಿದ, ಅವನ ಹಿಂದೆ ಇನ್ನೂ ಕೆಲವರು ಸೇರಿದರು. ಹೋದ ತಿಂಗಳು ಸಂಘದವರು ಸೈಟಿಗೇ ಬಂದು ಪತ್ರ ಕೊಟ್ಟರು. ದಿನಗೂಲಿ ನೂರು ರೂಪಾಯಿ ಏರಿಸಬೇಕು (ಈಗ ಮೇಸ್ತ್ರಿಗೆ 1,100, ಹೆಲ್ಪರ್‌ಗೆ 750), ಶನಿವಾರ ಬಟವಾಡೆ ತಪ್ಪಬಾರದು, ಎಲ್ಲರಿಗೂ 90 ದಿನದ ಕೆಲಸದ ದೃಢೀಕರಣ ಕೊಡಬೇಕು, ಸಾರವೆಯಿಂದ ಬಿದ್ದು ಕೈ ಮುರಿದುಕೊಂಡವನ ಆಸ್ಪತ್ರೆ ಖರ್ಚು ನಾನೇ ಭರಿಸಬೇಕು ಎಂದು ಅದರಲ್ಲಿದೆ. ಮಂಜೇಶ್ವರದಲ್ಲಿರುವ ನನ್ನ ಭಾವ, 'ಒಮ್ಮೆ ಒಳಗೆ ಬಿಟ್ಟರೆ ಮುಗಿಯಿತು, ಲಾರಿಯಿಂದ ಸಿಮೆಂಟ್ ಇಳಿಸುವುದಕ್ಕೂ ಅವರ ಅಪ್ಪಣೆ ಬೇಕಾಗುತ್ತದೆ' ಎನ್ನುತ್ತಾರೆ. ನಾನು ಚದರ ಅಡಿ ಲೆಕ್ಕದಲ್ಲಿ ದರ ಒಪ್ಪಿಕೊಂಡು ಆಗಿದೆ. ಶಾಲೆಯ ಕೆಲಸದ ಎರಡು ಬಿಲ್ಲು ಇನ್ನೂ ಬಂದಿಲ್ಲ. ಇವರ ಜತೆ ಮಾತನಾಡಲೇಬೇಕೇ? ಸಂಘ ಸೇರಿದವರನ್ನು ಬಿಟ್ಟು ಬೇರೆಯವರನ್ನು ಕರೆಸಬಹುದೇ? ಜನರನ್ನು ಎರಡು ಹೆಸರಿನಲ್ಲಿ ಹಂಚಿ ಹತ್ತಕ್ಕಿಂತ ಕಡಿಮೆ ತೋರಿಸಿದರೆ ಕಾರ್ಮಿಕ ಕಾನೂನುಗಳಿಂದ ಪಾರಾಗಬಹುದು ಎಂದು ಒಬ್ಬರು ಹೇಳಿದರು. ಅದು ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಯೂನಿಯನ್ನಿನ ಮಾತು ಹಲವು ಬಾರಿ ಬಂದಿದೆ, ಬಾರದ ಬಿಲ್ಲಿನ ಮಾತು ಒಂದೇ ಸಲ ಬಂದು ಹೋಗಿದೆ. ನನಗೆ ಮುಖ್ಯವಾಗಿ ಕಂಡದ್ದು ಆ ಒಂದು ವಾಕ್ಯ. ಸಣ್ಣ ಗುತ್ತಿಗೆದಾರರ ಮತ್ತು ಸಂಘಗಳ ನಡುವಿನ ತಕರಾರುಗಳಲ್ಲಿ ವರ್ಷಗಟ್ಟಲೆ ಕೂತು ಎದ್ದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಸಂಘ ಕೇಳುವ ಹಣದಲ್ಲಿ ಹೆಚ್ಚಿನ ಪಾಲು, ದರ ಕೂಗುವಾಗಲೇ ನಾವು ಲೆಕ್ಕದಿಂದ ಬಿಟ್ಟಿದ್ದ ಹಣ. ಅಪಘಾತದ ಖರ್ಚು, ಮಳೆಗಾಲದ ಬಿಡುವು, ತಡವಾದ ಬಿಲ್ಲಿನ ಬಡ್ಡಿ, ಇವನ್ನೆಲ್ಲ ಸೇರಿಸಿದರೆ ಕೆಲಸ ಕೈತಪ್ಪುತ್ತದೆ ಎಂದು ಬಿಟ್ಟಿರುತ್ತೇವೆ. ಅದು ಇಷ್ಟು ದಿನ ಕೆಲಸಗಾರನ ಹೆಗಲ ಮೇಲಿತ್ತು. ಈಗ ಅವನು ಅದನ್ನು ನಿಮ್ಮ ಮುಂದೆ ಇಳಿಸಿದ್ದಾನೆ. ನೀವು ಅದನ್ನು ಯಾರ ಮುಂದೆ ಇಳಿಸುತ್ತೀರಿ ಎಂಬುದೇ ಮುಂದಿನ ಮಾತು.

ಮೊದಲು ನಿಮ್ಮ ಭಾವನ ಮಾತನ್ನು ಬಗೆಹರಿಸೋಣ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ತಲಪಾಡಿ ಗಡಿಯ ಆಚೆಗಿನ ಕಾನೂನು ಬೇರೆ. ಕೇರಳದಲ್ಲಿ 1978ರ ತಲೆಹೊರೆ ಕಾರ್ಮಿಕರ ಕಾಯ್ದೆ ಇದೆ. ಅದರ ಅಡಿಯ ಯೋಜನೆ ಜಾರಿಯಲ್ಲಿರುವ ಪ್ರದೇಶಗಳಲ್ಲಿ ಲೋಡಿಂಗ್, ಅನ್‌ಲೋಡಿಂಗ್ ಕೆಲಸ ನೋಂದಾಯಿತ ಕಾರ್ಮಿಕರಿಗೆ ಮೀಸಲು, ಕೂಲಿಯೂ ಕಲ್ಯಾಣ ಮಂಡಳಿಯ ಸ್ಥಳೀಯ ಸಮಿತಿಯ ಮೂಲಕ ಹೋಗಬೇಕು. ಹೊರೆ ಹೊರುವವನಿಗೆ ನಿಗದಿತ ಕೂಲಿ ಸಿಗಲಿ, ಗುಂಪುಗಳ ನಡುವೆ ಹೊಡೆದಾಟ ನಿಲ್ಲಲಿ ಎಂದು ಮಾಡಿದ ಏರ್ಪಾಡು ಅದು. ಅದರ ನೆರಳಿನಲ್ಲಿಯೇ ನೋಕ್ಕುಕೂಲಿ ಬೆಳೆಯಿತು. ನಿಮ್ಮ ಆಳುಗಳೋ ಯಂತ್ರವೋ ಸಾಮಾನು ಇಳಿಸುತ್ತಿದ್ದರೆ, ನಿಂತು ನೋಡಿದವರಿಗೂ ಕೂಲಿ ಕೊಡಿ ಎನ್ನುವ ರೂಢಿ ಅದು. ಕೇರಳ ಸರ್ಕಾರವೇ 2018ರ ಮೇ 1ರಿಂದ ಅದನ್ನು ನಿಲ್ಲಿಸುವ ಆದೇಶ ಹೊರಡಿಸಿತು. 2021ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ಸುಲಿಗೆಯೆಂದೇ ಕಾಣಬೇಕು ಎಂಬ ಕಟು ನಿಲುವು ತಳೆಯಿತು. ಆದರೂ ಪೂರ್ತಿ ನಿಂತಿಲ್ಲ. ನೀವು ಮುಂದೆ ಮಂಜೇಶ್ವರದಲ್ಲೋ ಉಪ್ಪಳದಲ್ಲೋ ಕೆಲಸ ಹಿಡಿದರೆ, ದರ ಹೇಳುವ ಮೊದಲು ಆ ಜಾಗ ಯೋಜನೆಯ ವ್ಯಾಪ್ತಿಯಲ್ಲಿದೆಯೇ ಎಂದು ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ಕೇಳಿ, ಇಳಿಸುವ ಕೂಲಿಯನ್ನು ದರದಲ್ಲಿಯೇ ಸೇರಿಸಿ.

ಈಚೆ ಕಡೆ, ಕಟ್ಟಡದ ಸೈಟುಗಳಿಗೆ ಅನ್ವಯಿಸುವ ಅಂಥ ಪ್ರದೇಶ ಹಂಚಿಕೆಯ ಕಾಯ್ದೆ ಇಲ್ಲ. ಸಂಘದ ಸದಸ್ಯನಲ್ಲದವನು ನಿಮ್ಮ ಸೈಟಿನಲ್ಲಿ ಕೆಲಸ ಮಾಡಬಾರದು ಎಂದು ತಡೆಯುವ ಹಕ್ಕು ಯಾವ ಸಂಘಕ್ಕೂ ಇಲ್ಲ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರಿಂದ ಜಲ್ಲಿ ತರಿಸಬೇಕು, ಸಿಮೆಂಟ್ ಯಾರು ಇಳಿಸಬೇಕು ಎಂಬುದೆಲ್ಲ ನಿಮ್ಮ ತೀರ್ಮಾನ. ಬೀಡಿಯ ಕಾಲದಿಂದಲೂ ದಕ್ಷಿಣ ಕನ್ನಡದಲ್ಲಿ ಸಂಘಗಳು ಗಟ್ಟಿಯಾಗಿವೆ, ನಿಜ. ಆದರೆ ಇಲ್ಲಿನ ಕಟ್ಟಡ ಕಾರ್ಮಿಕ ಸಂಘಗಳ ದಿನನಿತ್ಯದ ಕೆಲಸವೇ ಬೇರೆ. ಅವುಗಳ ಕಚೇರಿಗೆ ಹೋದರೆ ಮುಷ್ಕರದ ಫಲಕಗಳಿಗಿಂತ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಅರ್ಜಿಗಳೇ ಹೆಚ್ಚು ಕಾಣಸಿಗುತ್ತವೆ.

ಇದಕ್ಕೆ ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಟ್ಟಡ ಕೆಲಸಗಾರ ಇಂದು ನಿಮ್ಮ ಬಳಿ, ನಾಳೆ ಇನ್ನೊಬ್ಬರ ಬಳಿ. ಕಾರ್ಖಾನೆಯ ಕಾರ್ಮಿಕನ ಹಾಗೆ ಒಬ್ಬ ಮಾಲೀಕನಿಂದ ಪಿಂಚಣಿ, ಆಸ್ಪತ್ರೆ, ರಜೆ ಕೇಳುವ ಸ್ಥಿತಿ ಅವನಿಗಿಲ್ಲ. ಹಾಗಾಗಿ ಎಂಬತ್ತರ ದಶಕದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಮುಂದಾಳತ್ವದಲ್ಲಿ ಸಂಘಟನೆಗಳು ಬೇರೊಂದು ದಾರಿ ಹುಡುಕಿದವು. ಮಾಲೀಕ ಯಾರಾದರೇನು, ಕಟ್ಟಡ ಎದ್ದಲ್ಲೆಲ್ಲ ಅದರ ವೆಚ್ಚದ ಒಂದು ಪಾಲು ಒಂದೇ ನಿಧಿಗೆ ಬರಲಿ ಎಂದು ಹೋರಾಡಿದವು. 1996ರಲ್ಲಿ ಬಂದ ಕಟ್ಟಡ ಕಾರ್ಮಿಕರ ಕಾಯ್ದೆ ಮತ್ತು ಸೆಸ್ ಕಾಯ್ದೆಗಳ ಹಿನ್ನೆಲೆ ಅದು. ರಾಜ್ಯಗಳು ಇದನ್ನು ಸರಿಯಾಗಿ ಜಾರಿ ಮಾಡಲಿಲ್ಲ ಎಂದು ಅದೇ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು, 2018ರಲ್ಲಿ ಕೋರ್ಟ್ ಸರ್ಕಾರಗಳನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿತು. ಆ ನಿಧಿಯನ್ನು ನೋಡಿಕೊಳ್ಳುವ ಕಲ್ಯಾಣ ಮಂಡಳಿ ಕರ್ನಾಟಕದಲ್ಲಿ ಶುರುವಾದದ್ದು 2007ರಲ್ಲಿ. ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಈ ಮಂಡಳಿಗೆ ಹೋಗುತ್ತದೆ. 'ಸೆಸ್ ಯೂನಿಯನ್‌ನವರ ಜೇಬಿಗೆ' ಎಂದು ಸೈಟುಗಳಲ್ಲಿ ಆಡಿಕೊಳ್ಳುವುದುಂಟು. ಅದು ತಪ್ಪು. ಸಂಘಕ್ಕೆ ಬರುವುದು ಸದಸ್ಯರ ಚಂದಾ ಮಾತ್ರ.

ನಿಮ್ಮ ಶಾಲಾ ಕಟ್ಟಡದ ಅಂದಾಜು 1 ಕೋಟಿ 20 ಲಕ್ಷ ಇದ್ದರೆ, 1 ಲಕ್ಷ 20 ಸಾವಿರ ರೂಪಾಯಿ ಬಿಲ್ಲಿನಲ್ಲಿಯೇ ಕಡಿತವಾಗುತ್ತದೆ. ಸರ್ಕಾರಿ ಕೆಲಸದಲ್ಲಿ ಇದನ್ನು ಮೂಲದಲ್ಲಿಯೇ ಹಿಡಿಯುತ್ತಾರೆ. ನಿಮ್ಮ ಮೇಲಿನ ಗುತ್ತಿಗೆದಾರರು ನಿಮ್ಮ ಪಾಲನ್ನು ನಿಮ್ಮ ದರದಲ್ಲಿ ಇಳಿಸಿಕೊಂಡೂ ಇರುತ್ತಾರೆ. ಅಂದರೆ ಹಣ ಈಗಾಗಲೇ ಹೋಗಿದೆ. ನಿಮ್ಮ ಕೆಲಸಗಾರ ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಅದರ ಫಲ ಅವನ ಮನೆಗೆ ಬರುತ್ತದೆ, ಇಲ್ಲದಿದ್ದರೆ ಇನ್ನಾರದೋ ಮನೆಗೆ ಹೋಗುತ್ತದೆ. ನೋಂದಣಿಗೆ ಬೇಕಾದದ್ದು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ. ವಯಸ್ಸು 18 ದಾಟಿರಬೇಕು, 60 ಮೀರಿರಬಾರದು.

ಇಲ್ಲಿಯೇ ನಿಮ್ಮಂಥವರು ಎಡವುವುದು. ದೃಢೀಕರಣಕ್ಕೆ ಸಹಿ ಹಾಕಿದರೆ ನಾಳೆ ಪಿ.ಎಫ್, ಗ್ರಾಚ್ಯುಟಿ ಎಂದೆಲ್ಲ ಕೊರಳಿಗೆ ಬೀಳುತ್ತದೆ ಎಂಬ ಭಯದಿಂದ ಸಹಿ ಹಾಕುವುದಿಲ್ಲ. ಸಹಿ ಹಾಕಿದ್ದಕ್ಕೇ ಪಿ.ಎಫ್ ಬರುವುದಿಲ್ಲ. ಅದು 20 ಜನರ ಲೆಕ್ಕದ ಮೇಲೆ ನಿಂತಿದೆ. ಅವನು ನಿಮ್ಮಲ್ಲಿ ಕೆಲಸ ಮಾಡಿದ ಎಂಬುದಕ್ಕೆ ಆ ಕಾಗದ ಸಾಕ್ಷಿಯಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವನು ಕೆಲಸ ಮಾಡಿದ್ದು ನಿಜವಾದರೆ ಸಾಕ್ಷಿ ಬೇರೆ ಕಡೆಯೂ ಸಿಗುತ್ತದೆ. ನಿಮ್ಮ ಮೊಬೈಲಿನಿಂದ ಅವನಿಗೆ ಹೋದ ಹಣವೇ ಸಾಕು. ನೀವು ಸಹಿ ಹಾಕದಿದ್ದರೆ ನೋಂದಾಯಿತ ಸಂಘ ದೃಢೀಕರಿಸಬಹುದು, ಕಾರ್ಮಿಕ ನಿರೀಕ್ಷಕರು ದೃಢೀಕರಿಸಬಹುದು, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಪಿ.ಡಿ.ಒ. ದೃಢೀಕರಿಸಬಹುದು. ಕೆಲಸಗಾರರು ಸಂಘದ ಬಾಗಿಲಿಗೆ ಹೋಗುವುದಕ್ಕೆ ಮೊದಲ ಕಾರಣ, ಹೆಚ್ಚಿನ ಕಡೆ, ಈ ಸಹಿ. ನಿಮ್ಮ ಹುಡುಗ ಯಾಕೆ ಸೇರಿದ ಎಂದು ನೀವು ಬರೆದಿಲ್ಲ. ಕೇಳಿ ನೋಡಿ, ಮಕ್ಕಳ ವಿದ್ಯಾರ್ಥಿ ಸಹಾಯಧನದ ಮಾತೇ ಬರಬಹುದು.

ಒಂದು ಎಚ್ಚರಿಕೆ. ಕೆಲಸ ಮಾಡದ ಅಣ್ಣ, ತಮ್ಮ, ನೆಂಟರಿಗೂ ಸಹಿ ಹಾಕಿಕೊಡಿ ಎಂದು ಯಾರೇ ಕೇಳಿದರೂ ಕೊಡಬೇಡಿ. ರಾಜ್ಯದಲ್ಲಿ ಬೋಗಸ್ ಕಾರ್ಡುಗಳನ್ನು ರದ್ದುಪಡಿಸುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದಿದೆ. ಸುಳ್ಳು ದೃಢೀಕರಣದ ಕೆಳಗೆ ನಿಮ್ಮ ಸಹಿ ಇದ್ದರೆ ಉತ್ತರ ಹೇಳಬೇಕಾದವರೂ ನೀವೇ.

ಈಗ ನಿಮ್ಮ ಮೊದಲ ಪ್ರಶ್ನೆ, ಮಾತನಾಡಲೇಬೇಕೇ? ಕಾನೂನಿನ ಸ್ಥಿತಿ ಹೀಗಿದೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1926ರ ಕಾರ್ಮಿಕ ಸಂಘಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಎರಡೂ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿವೆ. ತಿರುಳು ಬಹುಪಾಲು ಹಳೆಯದೇ. ಸಂಘ ನೋಂದಾಯಿಸಲು ಕನಿಷ್ಠ ಏಳು ಜನ ಬೇಕು. ಸೇರುವುದಕ್ಕೆ ಕೆಲಸಗಾರನಿಗೆ ನಿಮ್ಮ ಅನುಮತಿ ಬೇಕಿಲ್ಲ. ಅವರು ಕೊಟ್ಟ ಪತ್ರದಲ್ಲಿ ನೋಂದಣಿ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ನಿಜವಾದ ಸಂಘ ಆ ಪ್ರಶ್ನೆಗೆ ಬೇಸರಪಡುವುದಿಲ್ಲ. ನಿಮ್ಮಲ್ಲಿ ಎಷ್ಟು ಜನ ಸದಸ್ಯರು ಎಂದೂ ಕೇಳಬಹುದು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ಹಾಜರಿ ಪಟ್ಟಿಯ ಶೇ. 51 ಮಂದಿಯ ಬೆಂಬಲವುಳ್ಳದ್ದೇ ಮಾತುಕತೆಗೆ ಕೂರುವ ಸಂಘ ಎನ್ನುತ್ತದೆ ಸಂಹಿತೆ. ನೂರು ರೂಪಾಯಿ ಕೇಳಿದರೆ ನೂರನ್ನೇ ಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನೀವು ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುತ್ತಿಲ್ಲವಾದರೆ, ಮೇಲಿನದ್ದೆಲ್ಲ ಚೌಕಾಸಿ.

ಆದರೆ ಮಾತೇ ಆಡದೆ ಬಾಗಿಲು ಹಾಕಿಕೊಂಡರೆ ಪತ್ರ ಕಾರ್ಮಿಕ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಅಲ್ಲಿಂದ ನಿಮಗೆ ನೋಟಿಸ್ ಬರುತ್ತದೆ, ಹಾಜರಿ ಪುಸ್ತಕ ತನ್ನಿ, ವೇತನ ಪುಸ್ತಕ ತನ್ನಿ ಎನ್ನುತ್ತಾರೆ. ಕೂಲಿ ಏರಿಕೆಯ ಮಾತು ಬದಿಗೆ ಸರಿದು, ಪುಸ್ತಕವೇ ಇಲ್ಲದ ಮಾತು ಮುಂದೆ ಬರುತ್ತದೆ. ಸಣ್ಣ ಗುತ್ತಿಗೆದಾರರಿಗೆ ನೋವಾಗುವುದು ಅಲ್ಲಿ.

ಸಂಘ ಸೇರಿದವರನ್ನು ಬಿಟ್ಟು ಬೇರೆಯವರನ್ನು ತರುವ ಯೋಚನೆ ಕೈಬಿಡಿ. ಸಂಘ ಸೇರಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಅನುಚಿತ ಕಾರ್ಮಿಕ ಪದ್ಧತಿ ಎನಿಸಿಕೊಳ್ಳುತ್ತದೆ. ದಂಡ 10 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ಇದೆ. ಕಾರಣ ಬೇರೆ ಬರೆದರೂ ಪತ್ರ ಬಂದ ಮರುವಾರವೇ ತೆಗೆದರೆ ಯಾರಿಗಾದರೂ ಅರ್ಥವಾಗುತ್ತದೆ. ಕಾನೂನು ಬದಿಗಿಡಿ, ಲೆಕ್ಕಕ್ಕೂ ಇದು ಹೊಂದುವುದಿಲ್ಲ. ಹೊಸ ತಂಡ ಕರೆಸಿದರೆ ಮುಂಗಡ ಕೊಡಬೇಕು, ಉಳಿಯಲು ಶೆಡ್ ಹಾಕಬೇಕು, ಪ್ರಯಾಣದ ಖರ್ಚು ಕೊಡಬೇಕು. ಕೆಂಪು ಕಲ್ಲಿನ ಕೆಲಸ ಗೊತ್ತಿಲ್ಲದವನು ಗೋಡೆ ಏರಿಸಿದರೆ ಸಾರಣೆಯಲ್ಲಿ ಸಿಮೆಂಟ್ ಎಷ್ಟು ಹೆಚ್ಚು ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಮುಂಗಡ ತೀರುವವರೆಗೆ ಕೂಲಿ ಹಿಡಿದಿಟ್ಟು, ಊರಿಗೂ ಬಿಡದೆ ಕೂರಿಸಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಅಂಗಳಕ್ಕೆ ಹೋಗುತ್ತದೆ. ಅಲ್ಲಿ ದಂಡ ಕಟ್ಟಿ ಮನೆಗೆ ಬರುವ ಮಾತಿಲ್ಲ, ಜೈಲು ಶಿಕ್ಷೆ ಇದೆ.

ಎರಡು ಹೆಸರಿನಲ್ಲಿ ಹಂಚಿಕೊಳ್ಳುವ ಸಲಹೆ ಬಹಳ ಹಳೆಯದು. ಹತ್ತು ಜನ ಇದ್ದರೆ ಸಂಸ್ಥೆಯನ್ನು 60 ದಿನದೊಳಗೆ ನೋಂದಾಯಿಸಬೇಕು, ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಬರುತ್ತದೆ, ಹಾಗಾಗಿ ಎಂಟು ನನ್ನ ಹೆಸರಿಗೆ, ಎಂಟು ಹೆಂಡತಿಯ ಹೆಸರಿಗೆ ಎಂಬ ಲೆಕ್ಕ ಅದು. ಅಧಿಕಾರಿಗಳು ಮೊದಲು ನೋಡುವುದೇ ಇದನ್ನು: ಕೆಲಸ ಹೇಳುವವರು ಯಾರು, ಕೂಲಿ ಯಾವ ಖಾತೆಯಿಂದ ಹೋಗುತ್ತದೆ, ಸಂಟರಿಂಗ್ ಹಲಗೆ ಯಾರದು. ಎಲ್ಲಕ್ಕೂ ಒಂದೇ ಉತ್ತರ ಬಂದರೆ ಎರಡು ಹೆಸರು ಒಂದೇ ಆಗುತ್ತದೆ. ಜತೆಗೆ, ಅಪಘಾತದ ಪರಿಹಾರಕ್ಕೆ ಹತ್ತು ಜನರ ಮಿತಿಯೇ ಇಲ್ಲ. ಇಬ್ಬರೇ ಇದ್ದರೂ ನೀವೇ ಹೊಣೆ.

ನನ್ನ ಮಟ್ಟಿಗೆ ನಿಮ್ಮ ಪತ್ರದ ಅತ್ಯಂತ ಗಂಭೀರ ವಿಷಯ ಆ ಮುರಿದ ಕೈ. ನೀವು ಅದನ್ನು ನಾಲ್ಕನೆಯ ಬೇಡಿಕೆಯಾಗಿ ಬರೆದಿದ್ದೀರಿ. ಕೂಲಿ ಏರಿದರೆ ಲಾಭ ತೆಳುವಾಗುತ್ತದೆ, ಅಷ್ಟೆ. ಅಪಘಾತ ಮನೆಯನ್ನೇ ಮಾರಿಸುತ್ತದೆ. ಕೆಲಸದ ವೇಳೆ ಆದ ಗಾಯದ ಚಿಕಿತ್ಸೆಗೆ ತಗಲಿದ ನಿಜವಾದ ಖರ್ಚನ್ನು ಉದ್ಯೋಗದಾತನೇ ಭರಿಸಬೇಕು. ಇದು ಸಂಘದ ಬೇಡಿಕೆಗೂ ಮೊದಲಿನಿಂದಲೇ ಕಾನೂನಿನಲ್ಲಿದೆ. ಕೈ ಗುಣವಾಗಿ ಕೆಲಸಕ್ಕೆ ಬರುವವರೆಗೆ ಪ್ರತಿ ಅರ್ಧ ತಿಂಗಳಿಗೆ, ಮಾಸಿಕ ವೇತನದ ಕಾಲು ಭಾಗ ಕೊಡಬೇಕು. 2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000 ರೂಪಾಯಿ, ಆದ್ದರಿಂದ ಅರ್ಧ ತಿಂಗಳಿಗೆ 3,750.

ಅವನು ಕೈ ಊರಿ ಬಿದ್ದ. ತಲೆ ಊರಿ ಬಿದ್ದಿದ್ದರೆ? 30 ವರ್ಷದವನ ಸಾವಿಗೆ ಪರಿಹಾರದ ಲೆಕ್ಕ ಹೀಗೆ: 15,000ದ ಅರ್ಧ 7,500, ಅದನ್ನು ಆ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸಬೇಕು. 15 ಲಕ್ಷ 59 ಸಾವಿರದ 850 ರೂಪಾಯಿ. ತಿಂಗಳೊಳಗೆ ಕಟ್ಟದಿದ್ದರೆ ಶೇ. 12ರ ಬಡ್ಡಿ, ಸಕಾರಣವಿಲ್ಲದೆ ತಡ ಮಾಡಿದರೆ ದಂಡ ಬೇರೆ. ನಿಮ್ಮ ಎರಡು ಮನೆಗಳ ಲಾಭವನ್ನು ಕೂಡಿಸಿದರೂ ಇಷ್ಟಾಗದು ಎಂದುಕೊಳ್ಳುತ್ತೇನೆ. ನಿಮ್ಮಲ್ಲಿ 16 ಜನ ಇರುವುದರಿಂದ ಇ.ಎಸ್.ಐ. ನೋಂದಣಿ ಮಾಡಿಸಬೇಕು. ನಿಮ್ಮ ಪಾಲು ವೇತನದ ಶೇ. 3.25, ಕೆಲಸಗಾರನ ಪಾಲು ಶೇ. 0.75. ಹೆಲ್ಪರ್‌ನ 750ನ್ನು 26 ದಿನಕ್ಕೆ ಗುಣಿಸಿದರೆ 19,500 ಆಗುತ್ತದೆ, ಅವನು 21,000ದ ಮಿತಿಯೊಳಗೆ ಬರುತ್ತಾನೆ. ಮೇಸ್ತ್ರಿಗೆ 28,600 ಬರುವುದರಿಂದ ಅವನು ಹೊರಗೆ ಉಳಿಯುತ್ತಾನೆ. ಹೊರಗುಳಿದವರಿಗೆ ನೌಕರರ ಪರಿಹಾರ ವಿಮೆ ಮಾಡಿಸಿ. ಸಾಮಾನ್ಯ ವಿಮಾ ಕಂಪನಿಗಳಲ್ಲಿ ಹೆಸರು ನಮೂದಿಸದೆ, ಜನರ ಸಂಖ್ಯೆ ಮತ್ತು ಒಟ್ಟು ಕೂಲಿಯ ಮೇಲೆ ಪಾಲಿಸಿ ಸಿಗುತ್ತದೆ. ಗಾರೆ ಕೆಲಸಕ್ಕೆ ಎಂದಷ್ಟೇ ಬರೆಸದೆ, ಎತ್ತರದ ಕೆಲಸ ಮತ್ತು ಸಂಟರಿಂಗ್ ಎಂದು ಸ್ಪಷ್ಟವಾಗಿ ಬರೆಸಿ. ಇದನ್ನು ಬರೆಸದ ಪಾಲಿಸಿ ಬೇಕಾದ ಹೊತ್ತಿಗೆ ಕೈಕೊಟ್ಟದ್ದನ್ನು ನೋಡಿದ್ದೇನೆ.

ಇನ್ನು ನೂರು ರೂಪಾಯಿ. 16 ಜನ, 26 ದಿನ, ತಿಂಗಳಿಗೆ 41,600. ಚದರ ಅಡಿ ಲೆಕ್ಕದಲ್ಲಿ ಕೈಕಟ್ಟಿಸಿಕೊಂಡವರಿಗೆ ಇದು ಸಣ್ಣದಲ್ಲ. ಸಂಘಗಳನ್ನು ಹೊಗಳುವವರು ಈ ಸಂಗತಿಯನ್ನು ಬಿಟ್ಟು ಮಾತನಾಡುತ್ತಾರೆ. ದೊಡ್ಡ ಕಂಪನಿಗೆ ಕೂಲಿ ಏರಿದರೆ ಅದು ಉಪಗುತ್ತಿಗೆಯ ದರವನ್ನು ಹಿಂಡುತ್ತದೆ, ಕೆಲಸವನ್ನು ತುಂಡು ಮಾಡಿ ಹಂಚುತ್ತದೆ, ಹೊಣೆಯನ್ನು ಕೆಳಗೆ ದೂಡುತ್ತದೆ. ಕೆಳಗೆ ಯಾರಿದ್ದಾರೆ? ನೀವು. ನಿಮ್ಮ ಕೆಳಗೆ ದೂಡಲು ಯಾರೂ ಇಲ್ಲ. ಇನ್ನೊಂದು ಅನ್ಯಾಯವೂ ಇದೆ: ಗೇಟು, ಕಾವಲುಗಾರ ಇರುವ ದೊಡ್ಡ ಸೈಟಿನೊಳಗೆ ಸಂಘದವರಿಗೆ ಕಾಲಿಡುವುದೇ ಕಷ್ಟ, ಅಲ್ಲಿನವರು ತಿಂಗಳಿಗೊಮ್ಮೆ ಬದಲಾಗುವ ಹೊರರಾಜ್ಯದವರು. ರಸ್ತೆ ಬದಿಯ ನಿಮ್ಮ ಸೈಟಿಗೆ ಯಾರೂ ಬರಬಹುದು, ಸದಸ್ಯರು ಊರಿನವರು. ಹಾಗಾಗಿ ಒತ್ತಡ ತಾಳುವ ಶಕ್ತಿ ಯಾರಿಗೆ ಕಡಿಮೆಯೋ ಅವರಿಗೇ ಒತ್ತಡ ಮೊದಲು ಬರುತ್ತದೆ. ಪಕ್ಕದ ಊರಿನ ಇನ್ನೊಬ್ಬ ಗುತ್ತಿಗೆದಾರನಿಗೆ ಸಂಘದ ಕಾಟವಿಲ್ಲದಿದ್ದರೆ ಮುಂದಿನ ಮನೆಯನ್ನು ಅವನು ಕಡಿಮೆ ದರಕ್ಕೆ ಹಿಡಿಯುತ್ತಾನೆ. ಸಂಘದ ಮುಖಂಡರ ಮುಂದೆ ಇದನ್ನು ನೇರವಾಗಿ ಹೇಳಿ. ಅನುಭವಿಗಳಿಗೆ ಇದು ಗೊತ್ತು. ನೀವು ಮುಳುಗಿದರೆ ಅವರ ಸದಸ್ಯರ ಕೆಲಸವೂ ಹೋಗುತ್ತದೆ. 2025ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಕೆಂಪು ಕಲ್ಲು, ಮರಳು ಸಿಗದೆ ಕೆಲಸಗಳು ನಿಂತಾಗ ಕಟ್ಟಡ ಕಾರ್ಮಿಕರ ಸಂಘಟನೆಗಳು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಅವು ಕೇಳಿದ್ದು ನಿಮಗೂ ಬೇಕಾಗಿದ್ದುದನ್ನೇ.

ಮುಷ್ಕರದ ಭಯದ ಬಗ್ಗೆ ಎರಡು ಮಾತು. ಹೊಸ ಸಂಹಿತೆಯ ಪ್ರಕಾರ 14 ದಿನಗಳ ನೋಟಿಸ್ ಇಲ್ಲದೆ ಮುಷ್ಕರ ಹೂಡುವಂತಿಲ್ಲ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಆದರೆ ಇದನ್ನು ನೆಚ್ಚಿ ಕೂರಬೇಡಿ. ದಿನಗೂಲಿಯವನು ನಾಳೆ ಬೇರೆ ಕಡೆ ಹೋದರೆ ಅವನ ಮೇಲೆ ಯಾವ ಮೊಕದ್ದಮೆ ಹೂಡುತ್ತೀರಿ? ನಿಮಗೆ ನಿಜವಾಗಿ ಪೆಟ್ಟು ಬೀಳುವುದು ಸ್ಲ್ಯಾಬ್ ಹಾಕುವ ದಿನ. ಕಾಂಕ್ರೀಟ್ ಅರ್ಧಕ್ಕೆ ನಿಂತರೆ ಆ ಜೋಡಣೆ ಮುಂದೆ ಸೋರುವ ಸಂಭವ ಹೆಚ್ಚು. ಬೆಳಿಗ್ಗೆ ಆರಕ್ಕೆ ಶುರುವಾದದ್ದು ರಾತ್ರಿ ಎಂಟಾದರೂ ಮುಗಿಯಲೇಬೇಕು. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಎಂದು ಕಾನೂನು ಹೇಳುತ್ತದೆ, ನಮ್ಮಲ್ಲಿ ಒಂದು ಊಟ, ಒಂದು ಟೀ, ಕೈಗೆ ಇನ್ನೂರು ಎಂದು ಮುಗಿಸುವ ರೂಢಿ. ಹೆಚ್ಚಿನ ಜಗಳಗಳ ಕಿಡಿ ಇಲ್ಲಿಯೇ ಹೊತ್ತುವುದು. ಆದ್ದರಿಂದ ಒಪ್ಪಂದ ಬರೆದರೆ ಸ್ಲ್ಯಾಬ್ ದಿನಕ್ಕೆಂದೇ ಪ್ರತ್ಯೇಕ ಷರತ್ತು ಬರೆಯಿರಿ: ಎಷ್ಟು ಗಂಟೆಯ ನಂತರ ಎರಡು ಪಟ್ಟು, ಊಟ ಮತ್ತು ಮನೆಗೆ ಬಿಡುವ ವಾಹನ ಯಾರದು, ಆ ದಿನ ಯಾವ ತಕರಾರಿಗೂ ಕೆಲಸ ನಿಲ್ಲಿಸುವಂತಿಲ್ಲ.

ಒಪ್ಪಂದ ಮಾಡಿಕೊಳ್ಳಿ ಎಂಬುದೇ ನನ್ನ ಸಲಹೆ. ಹೇಗೆ ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಸೈಟಿನಲ್ಲಿಯೇ ಕೂತು ಬರೆದುಕೊಂಡ ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತದೆ. ನಾಳೆ ಇನ್ನೊಂದು ಸಂಘ ಬಂದು, 'ಅವರು ನೂರು ಕೇಳಿದರು, ನಾವು ನೂರೈವತ್ತು ಕೇಳುತ್ತೇವೆ' ಎನ್ನಬಹುದು. ಸಂಘಗಳ ನಡುವಿನ ಪೈಪೋಟಿಗೆ ಸಿಕ್ಕಿ ನುಗ್ಗಾಗುವುದು ಸಣ್ಣವರೇ. ಅದೇ ಒಪ್ಪಂದ ಕಾರ್ಮಿಕ ಅಧಿಕಾರಿಯ ಮುಂದೆ, ಸಂಧಾನದ ನಡಾವಳಿಯಲ್ಲಿ ಆದರೆ, ನಿಮ್ಮ ಎಲ್ಲ ಕೆಲಸಗಾರರಿಗೂ, ಮುಂದೆ ಸೇರುವವರಿಗೂ ಅನ್ವಯಿಸುತ್ತದೆ. ಕಚೇರಿಗೆ ಹೋಗುವುದೆಂದರೆ ಸಿಕ್ಕಿಬೀಳುವುದು ಎಂದು ನಮ್ಮ ಗುತ್ತಿಗೆದಾರರು ಭಾವಿಸುತ್ತಾರೆ. ನಿಮ್ಮ ಪುಸ್ತಕಗಳು ಸರಿ ಇದ್ದರೆ ಆ ಕಚೇರಿಯೇ ನಿಮಗೆ ಬೇಲಿ.

ದರದ ವಿಷಯದಲ್ಲಿ ನಾನಾಗಿದ್ದರೆ ಹೀಗೆ ಕೇಳುತ್ತೇನೆ: ಈಗ ನಡೆಯುತ್ತಿರುವ ಮೂರು ಕೆಲಸಗಳಿಗೆ ಐವತ್ತು, ಮುಂದೆ ಹಿಡಿಯುವ ಕೆಲಸಗಳಿಗೆ ಪೂರ್ತಿ ನೂರು, ಒಂದು ವರ್ಷ ಮತ್ತೆ ಏರಿಕೆಯ ಮಾತಿಲ್ಲ. ಶನಿವಾರದ ಬಟವಾಡೆಗೆ ಚೌಕಾಸಿ ಬೇಡ. ವಾರದ ಕೂಲಿಯನ್ನು ವಾರದ ರಜೆಯ ಹಿಂದಿನ ದಿನವೇ ಕೊಡಬೇಕೆಂದು ವೇತನ ಸಂಹಿತೆಯಲ್ಲಿಯೇ ಇದೆ. ಕೂಲಿಯನ್ನು ಖಾತೆಗೆ ಹಾಕಿ, ಮುಂಗಡವನ್ನು ಬೇರೆ ಬರೆದಿಡಿ. ಅಪಾಯವೂ ಇದೆ. ಐವತ್ತಕ್ಕೆ ಅವರು ಒಪ್ಪದಿರಬಹುದು. ಒಪ್ಪಿದರೂ ಜಾರ್ಖಂಡಿನ ಹುಡುಗರು ಹೆಚ್ಚು ಕೊಡುವ ಮಂಗಳೂರಿನ ಸೈಟಿಗೆ ಹೋಗಬಹುದು, ಯಾವ ಒಪ್ಪಂದವೂ ಅವರನ್ನು ಹಿಡಿದಿಡಲಾರದು. ಎಲ್ಲವನ್ನೂ ಒಬ್ಬ ಲೇಬರ್ ಮೇಸ್ತ್ರಿಗೆ ಚದರ ಅಡಿ ಲೆಕ್ಕದಲ್ಲಿ ವಹಿಸಿ ಕೈತೊಳೆದುಕೊಳ್ಳುವ ದಾರಿಯನ್ನು ಕೆಲವರು ಹಿಡಿಯುತ್ತಾರೆ. ಅವನು ಕೂಲಿ ಕೊಡದೆ ಓಡಿಹೋದರೆ ಕೆಲಸಗಾರರು ನಿಲ್ಲುವುದು ನಿಮ್ಮ ಮನೆಯ ಮುಂದೆ.

ಸಂಘದ ಹೆಸರಿನಲ್ಲಿ ಯಾರಾದರೂ ನಿಮ್ಮಿಂದಲೇ ಹಣ ಕೇಳಿದರೆ, ಸಮ್ಮೇಳನಕ್ಕೆ, ಹಬ್ಬಕ್ಕೆ ಎಂದು ರಸೀದಿ ಪುಸ್ತಕ ಹಿಡಿದು ಬಂದರೆ, ಕೊಡಲೇಬೇಕೆಂದಿಲ್ಲ. ಇಷ್ಟವಿದ್ದರೆ ಕೊಡಿ. ಕೊಡದಿದ್ದರೆ ಕೆಲಸ ನಿಲ್ಲಿಸುತ್ತೇವೆ ಎಂದರೆ ಅದು ಸುಲಿಗೆ. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಅಡಿ ದೂರು ಕೊಡಬಹುದು. ಬೇಡಿಕೆ ಪತ್ರಕ್ಕೂ ಇದಕ್ಕೂ ಗಂಟು ಹಾಕಬೇಡಿ. ನಿಮಗೆ ಬಂದ ಪತ್ರದಲ್ಲಿ ಅಂಥದ್ದು ಯಾವುದೂ ಇಲ್ಲ.

ಕಡೆಗೆ ಆ ಎರಡು ಬಿಲ್ಲು. ಉಪಗುತ್ತಿಗೆದಾರ ಕೂಲಿ ಕೊಡಲಾಗದಿದ್ದರೆ ಮೇಲಿನವನು ಕೊಡಬೇಕು ಎಂಬ ತತ್ವ ಗುತ್ತಿಗೆ ಕಾರ್ಮಿಕರ ಕಾನೂನಿನಲ್ಲಿದೆ. ಹಿಂದೆ 20 ಜನ ಇದ್ದಲ್ಲಿ ಅನ್ವಯವಾಗುತ್ತಿದ್ದ ಇದು ಹೊಸ ಸಂಹಿತೆಗಳಲ್ಲಿ 50ಕ್ಕೆ ಏರಿದೆ. ಆದ್ದರಿಂದ ನಿಮ್ಮ ಶಾಲೆಯ ಕೆಲಸಕ್ಕೆ ಅದು ನೇರವಾಗಿ ದಕ್ಕದಿರಬಹುದು. ಆದರೂ ಸರ್ಕಾರಿ ಕೆಲಸದಲ್ಲಿ ಕೂಲಿ ಬಾಕಿ ಇದೆ ಎಂಬ ಪತ್ರ ಕಾರ್ಮಿಕ ಅಧಿಕಾರಿಯಿಂದ ಇಲಾಖೆಯ ಎಂಜಿನಿಯರಿಗೆ ಹೋದರೆ ಅದರ ತೂಕವೇ ಬೇರೆ. ನೀವು ಒಬ್ಬರೇ ಕೇಳಿದರೆ 'ಮುಂದಿನ ವಾರ' ಎನ್ನುವವರು, ಸಂಘವೂ ನೀವೂ ಒಟ್ಟಿಗೆ ಕೇಳಿದರೆ ಅಷ್ಟು ಸುಲಭವಾಗಿ ಹಾಗೆನ್ನಲಾರರು. ಮುಂದಿನ ಉಪಗುತ್ತಿಗೆ ನಿಮಗೆ ಸಿಗದೆ ಹೋಗಬಹುದು, ಆ ಅಪಾಯ ಇದೆ. ಬಿಲ್ಲು ಕೊಡದವರ ಮುಂದಿನ ಕೆಲಸ ನಿಮಗೆ ಬೇಕೇ ಎಂಬುದನ್ನು ನೀವೇ ತೂಗಿ ನೋಡಬೇಕು. ಬಿಲ್ಲಿನ ಬಾಕಿಗಾಗಿ ಗುತ್ತಿಗೆದಾರರ ಸಂಘವೂ ಸರ್ಕಾರದ ಬಾಗಿಲು ತಟ್ಟುತ್ತದೆ, ಅದನ್ನು ಯಾರೂ ತಪ್ಪೆನ್ನುವುದಿಲ್ಲ.

ಸಂಘದವರೊಡನೆ ಕೂರುವ ಮೊದಲು ನಾಲ್ಕು ಕಾಗದ ಜೋಡಿಸಿಕೊಳ್ಳಿ: ಮೂರು ತಿಂಗಳ ಹಾಜರಿ, ಕೂಲಿ ಹಾಕಿದ ಬ್ಯಾಂಕ್ ವಿವರ, ಗಾಯಗೊಂಡವನ ಆಸ್ಪತ್ರೆ ಬಿಲ್ಲು, ಶಾಲೆಯ ಕೆಲಸದ ಎರಡು ಬಾಕಿ ಬಿಲ್ಲುಗಳ ಪ್ರತಿ. ಆಸ್ಪತ್ರೆಯ ಬಿಲ್ಲನ್ನು ಮಾತುಕತೆಗೆ ಮೊದಲೇ ಕಟ್ಟಿಬಿಡಿ, ರಸೀದಿಯನ್ನು ಜತೆಗೆ ಒಯ್ಯಿರಿ. ಬಾಕಿ ಬಿಲ್ಲುಗಳನ್ನು ಮೇಜಿನ ಮೇಲೆ ಅವರ ಮುಂದೆಯೇ ಬಿಚ್ಚಿಡಿ. ಮಳೆಗಾಲ ಕಳೆಯುವವರೆಗೆ ಪೂರ್ತಿ ಏರಿಕೆಗೆ ಸಮಯ ಕೊಡಿ ಎಂದು ಕೇಳಲು ನಿಮ್ಮ ಬಳಿ ಅದಕ್ಕಿಂತ ಒಳ್ಳೆಯ ಕಾರಣ ಇಲ್ಲ.